ನನ್ನ ದನಿಗೆ ಅಂಟಿಸಿದ ವಿಷದ ಅಣಬೆ

ಕಳೆದ ಮಳೆಗಾಲ ನಾನು ಸೊಲ್ಲಾಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ನಿವೃತ್ತಿಗೆ ಮುಂಚಿನ ಕೊನೆಯ ವರ್ಷ ಅದು. ಒಂದು ಬೆಳಿಗ್ಗೆ ಅಕ್ಕಲಕೋಟದ ಡಾಕ್ಟರರೊಬ್ಬರು ಫೋನ್ ಮಾಡಿದರು. ಕರಜಗಿ ಹಳ್ಳಿಯ ಗಂಡ-ಹೆಂಡತಿ ಹೊಲದ ಅಣಬೆ ತಿಂದು ವಾಂತಿಭೇದಿಯಿಂದ ದಾಖಲಾಗಿದ್ದರು. ಹೆಂಡತಿ ಸುವರ್ಣಾ ಬಸುರಿ.

ನಾನು ಆಸ್ಪತ್ರೆಗೆ ಹೋದಾಗ ಉಳಿದ ಅಣಬೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ಬಿಳಿ ಕೊಡೆ, ಮೇಲೆ ಕಂದು ಚಕ್ಕೆ, ಕಾಂಡಕ್ಕೊಂದು ಬಳೆ. ಮಗುಚಿ ನೋಡಿದೆ: ಪುಸ್ತಕದ ಹಾಳೆಗಳಂತೆ ಸಾಲಾದ ಪದರಗಳು, ಹಸಿರಿಗೆ ತಿರುಗಿದ್ದವು. ಕ್ಲೋರೋಫಿಲಮ್ ಎಂಬ ವಿಷದ ಅಣಬೆ. ಯಕೃತ್ತು ಕೆಡಿಸುವ ಜಾತಿಯಲ್ಲ, ಆದರೆ ಮೈಯ ನೀರನ್ನೆಲ್ಲ ಹಿಂಡಿಬಿಡುತ್ತದೆ ಎಂದು ಡಾಕ್ಟರಿಗೆ ತಿಳಿಸಿದೆ.

"ಯಾರು ಹೇಳಿದ್ರಪ್ಪಾ ಇದನ್ನ ತಿನ್ನಾಕ?" ಎಂದೆ.

ನನ್ನ ದನಿ ಕೇಳಿ ಗಂಡ ಮಲ್ಲಪ್ಪ ನನ್ನನ್ನೇ ದಿಟ್ಟಿಸಿದ. "ನೀವಽ ಹೇಳೀರಲ್ರಿ ಮೇಡಂ!"

ಅವನ ಮೊಬೈಲಿನ ವಿಡಿಯೊದಲ್ಲಿ ನನ್ನದೇ ದನಿ. ಬೊಲೀಟ್ ಎಂಬ ಕಾಡು ಅಣಬೆಯ ಬಗ್ಗೆ ನಾನು ಮಾಡಿದ ಪಾಠ ಅದು. ಬೊಲೀಟಿನ ಕೊಡೆಯ ಕೆಳಗೆ ಪದರಗಳಿರುವುದಿಲ್ಲ, ಸ್ಪಂಜಿನಂತೆ ಸಣ್ಣ ರಂಧ್ರಗಳಿರುತ್ತವೆ. ಕೆಲವು ತಿನ್ನಲು ರುಚಿ. ಆದರೆ ಅವುಗಳಲ್ಲೂ ವಿಷದವು ಇವೆ, ಬಲ್ಲವರಿಗೆ ತೋರಿಸದೆ ತಿನ್ನಬೇಡಿ ಎಂದಿದ್ದೆ. ವಿಡಿಯೊದಲ್ಲಿ ಉಳಿದದ್ದು "ತಿನ್ನಲು ರುಚಿ" ಎಂಬುದಷ್ಟೇ. ಚಿತ್ರ ಮಾತ್ರ ಈ ಬಿಳಿ ಕೊಡೆಯ ವಿಷದ ಅಣಬೆಯದು.

ನನಗೆ ತಡೆಯಲಾಗದ ಸಿಟ್ಟು ಬಂತು. ಅದನ್ನು ಕತ್ತರಿಸಿ ಹಾಕಿದ್ದವನ ಮೊಬೈಲ್ ಅಂಗಡಿಯ ವಿಳಾಸ ವಿಡಿಯೊದಲ್ಲೇ ಇತ್ತು: ಎಂಐಡಿಸಿ ಕೈಗಾರಿಕಾ ಪ್ರದೇಶದ ಹತ್ತಿರ. ಸೀದಾ ಅಲ್ಲಿಗೇ ಹೋದೆ.

ಅವನು ನಗುತ್ತಲೇ ಕುರ್ಚಿ ಎಳೆದ. "ಬರ್ರಿ ಮೇಡಂ. ಭಾಳ ಮಂದಿ ನೋಡ್ಯಾರ್ರಿ, ನಿಮ್ಮದಽ ಹೆಸರಾಗೇತಿ."

"ಆಸ್ಪತ್ರಿಗೆ ನಡಿ. ಇಲ್ಲಾ ಪೊಲೀಸ್ ಠಾಣೆಗೆ ನಡಿ. ಎರಡರಾಗ ಒಂದು."

ಆಸ್ಪತ್ರೆಗೆ ಬಂದ. ಸಲೈನ್ ಚುಚ್ಚಿದ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದ ಸುವರ್ಣಾ ಕೇಳಿದ್ದು ಒಂದೇ ಮಾತು: "ಅಣ್ಣಾ, ನಿಮ್ಮ ಮನ್ಯಾಗ ಯಾರ್‍ಯಾರು ತಿಂದ್ರಿ?"

ಅವನ ನಗು ಆಗ ಇಳಿಯಿತು. ಅಲ್ಲೇ ನಿಂತು ವಿಡಿಯೊ ಅಳಿಸಿದ. ಕ್ಷಮೆ ಮಾತ್ರ ಕೇಳಲಿಲ್ಲ.

ಸುವರ್ಣಾ ಚೇತರಿಸಿಕೊಂಡಳು, ಮಗುವೂ ಉಳಿಯಿತು. ಆದರೆ ಅಳಿಸಿದ ವಿಡಿಯೊದ ನಕಲುಗಳು ಇಂದಿಗೂ ತಿರುಗುತ್ತಿವೆ. ಮೊನ್ನೆ ನನಗೇ ಯಾರೋ ಕಳಿಸಿದರು, "ಉಪಯುಕ್ತ ಮಾಹಿತಿ" ಎಂದು. ಸಿಟ್ಟು ಇನ್ನೂ ಆರಿಲ್ಲ, ಆರುವುದೂ ಬೇಡ. ಎಚ್ಚರಿಕೆಯನ್ನು ಮಾತಿನ ಕೊನೆಗೆ ಇಟ್ಟರೆ ಕತ್ತರಿಸುವವರಿಗೆ ಸುಲಭ ಎಂಬುದನ್ನು ಕಲಿತೆ. ಈಗ ಎಲ್ಲೇ ಮಾತಾಡಿದರೂ ಪ್ರತಿ ಅಣಬೆಯ ಹೆಸರಿಗೂ ಮೊದಲು "ತಿನ್ನಬೇಡಿ" ಎನ್ನುತ್ತೇನೆ. ಕೇಳುವವರಿಗೆ ಬೇಸರ ಬರುತ್ತದೆ. ಬರಲಿ.