ಗಂಗಾಳ ಸೊನ್ನೆ ಬೈಟಿನ ಪದ

ಸತ್ತವರು ಮಾತಾಡಿದರು ಎಂದು ಯಾರಾದರೂ ಹೇಳಿದರೆ ಮುಖದ ಮೇಲೇ ನಗುತ್ತಿದ್ದವನು ನಾನು. ಕಂಪ್ಯೂಟರಿನವನಿಗೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಅಷ್ಟೇ. ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ.

ಆಳಂದದ ನಮ್ಮ ಮನೆಯಲ್ಲೇ ಸರ್ವರ್ ಇಟ್ಟು ಸಣ್ಣ ವೆಬ್‌ಸೈಟ್ ನಡೆಸುತ್ತಿದ್ದೆ. ಮಟಕಿ, ಸರಸಂಬಾ ಹಳ್ಳಿಗಳ ಕಡೆಯ ಹೆಣ್ಣುಮಕ್ಕಳ ಬೀಸುವ ಪದಗಳನ್ನು ರೆಕಾರ್ಡ್ ಮಾಡಿ ಅದರಲ್ಲಿ ಹಾಕುತ್ತಿದ್ದೆ. ನನ್ನ ಹೆಂಡತಿ ಗಂಗಾ ಹಾಡಿದ್ದೂ ಒಂದಿತ್ತು. ಅವಳು ಜ್ವರದಲ್ಲಿ ಹೋದ ಮೇಲೆ ಅವಳ ದನಿ ಅಂತ ಉಳಿದದ್ದು ಅದೊಂದೇ. ಅಫಜಲಪುರದಲ್ಲಿ ನಮ್ಮತ್ತೆ ದಿನಾ ಮಧ್ಯಾಹ್ನ ಉಂಡು, ಮಗಳ ಪದ ಸೈಟಿನಿಂದ ಫೋನಿನಲ್ಲಿ ಕೇಳಿಯೇ ಅಡ್ಡಾಗುತ್ತಿದ್ದರು.

ಸೈಟು ಬಹಳ ನಿಧಾನ ಎಂದು ಜನ ಗೊಣಗುತ್ತಿದ್ದರು. ಡಿಸ್ಕಿನ ಓದು-ಬರಹ ಚುರುಕಾಗಲಿ ಎಂದು ಎಲ್ಲವನ್ನೂ ಫೈಲುಗಳನ್ನು ಬೇರೆ ಬಗೆಯಲ್ಲಿ ಜೋಡಿಸಿಡುವ ಹೊಸ ಡಿಸ್ಕಿಗೆ ನಕಲು ಮಾಡಿದೆ. ವೇಗದ ಹುಚ್ಚು ನೋಡಿ, ಬರೆಯುವುದನ್ನು ಮೊದಲು ಮೆಮೊರಿಯಲ್ಲೇ ಇಟ್ಟುಕೊಂಡು ಡಿಸ್ಕಿಗೆ ಆಮೇಲೆ ಇಳಿಸುವಂತೆ ಸೆಟ್ಟಿಂಗ್ ಬದಲಿಸಿದ್ದೆ. ಹೊಸ ಡಿಸ್ಕಿನಲ್ಲಿ ಫೈಲುಗಳ ಹೆಸರುಗಳೆಲ್ಲ ಸಾಲಾಗಿ ಕಂಡವು. ಎಲ್ಲ ಡಿಸ್ಕಿಗೆ ಇಳಿಯುವವರೆಗೆ ಐದು ನಿಮಿಷ ತಡೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ತಡೆಯಲಿಲ್ಲ. ಹಳೆಯ ಡಿಸ್ಕನ್ನು ಆಗಲೇ ಅಳಿಸಿ ಅದರ ಮೇಲೆ ಹೊಸದಾಗಿ ಬರೆಯಲು ಹಚ್ಚಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು.

ಕರೆಂಟ್ ಬಂದ ಮೇಲೆ ನೋಡಿದರೆ ಗಂಗಾಳ ಫೈಲಿಗೆ ಹೆಸರಿದೆ, ಒಳಗೆ ಸೊನ್ನೆ ಬೈಟ್, ಬರೀ ಖಾಲಿ. ಎರಡೂ ಡಿಸ್ಕುಗಳನ್ನು ಕಲಬುರಗಿಗೆ ಒಯ್ದು ರಿಪೇರಿಯವರಿಗೆ ತೋರಿಸಿದೆ. ವಾಪಸ್ ತೆಗೆಯಲು ಆಗುವುದಿಲ್ಲ ಎಂದರು. ಥೂ ನನ್ನ ಕೈಗೆ! ಬಸ್ಸಿನಲ್ಲಿ ಕೂತು ಎಲ್ಲರೆದುರು ಅತ್ತುಬಿಟ್ಟೆ.

ನಾಲ್ಕನೇ ದಿನ, ತಪ್ಪು ಒಪ್ಪಿಕೊಂಡುಬಿಡೋಣ ಎಂದು ಅಫಜಲಪುರಕ್ಕೆ ಹೋದೆ. ನಮ್ಮತ್ತೆ ಗೋಡೆಗೆ ಒರಗಿ, ಫೋನು ಕಿವಿಗೆ ಹಿಡಿದು ತಲೆದೂಗುತ್ತಿದ್ದರು.

"ಬರ್ರಿ, ಕುಂದರ್ರಿ. ಗಂಗಾನ ಪದಾ ಕೇಳಾಕತ್ತೇನಿ," ಎಂದರು.

ಹಳೆಯ ಪ್ರತಿ ಫೋನಿನಲ್ಲಿ ಉಳಿದಿರಬಹುದೇ ಎಂಬ ಆಸೆಯಿಂದ ಕಸಿದುಕೊಂಡೆ. ಫೋನು ಹಿಂದಿನ ದಿನವಷ್ಟೇ ಕೊಂಡ ಹೊಸದು. ಪದದ ಅವಧಿ ಸೊನ್ನೆ ಎಂದು ತೋರಿಸುತ್ತಿತ್ತು. ಕಿವಿಗಿಟ್ಟೆ. ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಹೋದ ಸದ್ದು ಬಿಟ್ಟರೆ ಏನೂ ಇಲ್ಲ.

"ಏನೂ ಕೇಳಸವಲ್ದಲ್ರಿ, ಅತ್ತಿ."

"ಯಾಕ್ರಿ, ಈಗ ಮೊದಲಿಗಿಂತ ಚಂದ ಕೇಳಸ್ತದ. ಪದಾ ಮುಗದ ಮ್ಯಾಲ ನಿಮ್ಮನ್ನ ಮಾತಾಡಸ್ತಾಳ ನೋಡ್ರಿ, 'ಕರೆಂಟ್ ಹೋತೇನ್ರಿ?' ಅಂತ."

ಆ ಮಾತು ರೆಕಾರ್ಡಿನಲ್ಲಿ ಎಂದೂ ಇರಲಿಲ್ಲ. ಕರೆಂಟ್ ಹೋದದ್ದನ್ನು ನಾನು ಅವರಿಗೆ ಹೇಳಿಯೂ ಇರಲಿಲ್ಲ. ಒಪ್ಪಿಕೊಳ್ಳಲು ಹೋದವನು ಬಾಯಿ ಮುಚ್ಚಿಕೊಂಡು ಎದ್ದುಬಂದೆ.

ವರ್ಷಗಳಾದವು. ಇದೇನೆಂದು ನನಗೆ ಇನ್ನೂ ತಿಳಿದಿಲ್ಲ. ನಮ್ಮತ್ತೆ ಈಗಲೂ ದಿನಾ ಕೇಳುತ್ತಾರೆ. ನಾನೂ ಅದೇ ಹೊತ್ತಿಗೆ ಇಲ್ಲಿ ಆ ಫೈಲು ಹಚ್ಚಿಕೊಂಡು ಕೂರುತ್ತೇನೆ. 'ಹೌದು ಗಂಗಾ, ಹೋಯಿತು, ನಾನೇ ಕೆಡಿಸಿದೆ' ಎಂದು ಉತ್ತರವನ್ನೂ ಕೊಟ್ಟಿದ್ದೇನೆ. ಅವಳು ಮಾತಾಡಿಸುವುದು ನನ್ನನ್ನಂತೆ. ಕೇಳಿಸದಿರುವುದು ಮಾತ್ರ ನನಗೆ.