ಹೋರಿ ನಿಲ್ಲಿಸುವ ಸದ್ದು

ಮೊದಲ ಮಾತುಕತೆ ಸೋಮವಾರವೇ ಆಗಬೇಕೆಂದು ಮುದುಕವ್ವ ಹೇಳಿಕಳಿಸಿದ್ದಳು. ಅವಳ ಊರು ಯಾವಗಲ್ಲಿನಲ್ಲಿ ಸೋಮವಾರ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ. ಹೋರಿ ಪಳಗಿಸುವ ಅವಳಿಗೂ ಅಂದೇ ಬಿಡುವು. ಸುದ್ದಿ ಒಯ್ದು ತಂದವನು ದನದ ದವಾಖಾನೆಯ ಸಹಾಯಕ ಯಮನೂರಪ್ಪ. ಧಾರವಾಡದಲ್ಲಿ ಮಾತಿನ ಉಚ್ಚಾರಣೆಯ ಬಗ್ಗೆ ಸಂಶೋಧನೆ ಮಾಡುವ ಐಶ್ವರ್ಯಾಳಿಗೆ ಅವನೇ ಫೋನಿನಲ್ಲಿ, "ಆಕಿ ನಾಲಗಿಲೆ ಒಂದ್ ಸಪ್ಪಳಾ ಮಾಡ್ತಾಳ್ರಿ, ಓಡೂ ಹೋರಿ ಇದ್ದಲ್ಲೇ ನಿಲ್ತೈತಿ" ಎಂದಿದ್ದ.

ಗಂಡ ತೀರಿದ ಮೇಲೆ ಇಪ್ಪತ್ತಾರು ವರ್ಷ ಮುದುಕವ್ವ ಆ ಕಸುಬನ್ನು ಒಬ್ಬಳೇ ನಡೆಸಿದ್ದಳು. ನೊಗ ಕಾಣದ ಹೋರಿಗಳನ್ನು ಸುತ್ತಲಿನ ಊರವರು ಅವಳ ಅಂಗಳದಲ್ಲಿ ಬಿಟ್ಟುಹೋಗುತ್ತಿದ್ದರು. ಈಗ ಮೊಣಕಾಲು ಓಡಗೊಡುತ್ತಿರಲಿಲ್ಲ. ಜೊತೆಗಿದ್ದ ತಮ್ಮನ ಮಗಳು ಪೂಜಾ ಹಗ್ಗ ಹಿಡಿಯುವುದನ್ನೂ ತಿರುಗಿಸುವುದನ್ನೂ ಕಲಿತಿದ್ದಳು. ನಿಲ್ಲಿಸುವ ಆ 'ಟೊಕ್' ಮಾತ್ರ ಎರಡು ವರ್ಷವಾದರೂ ಬಾಯಿಗೆ ಬಂದಿರಲಿಲ್ಲ. "ನಿಲ್ಲಸಾಕ ಬರದಾಕಿ ಕೈಯಾಗ ಹೋರಿ ಕೊಟ್ಟು ನಾ ಹಿಂದ ಓಡ್ಲೇನು ಮುದುಕವ್ವಾ?" ಎಂದು ರೈತ ಕಾಶೀಂಸಾಬ ತನ್ನ ಜೋಡಿಯನ್ನು ತಿರುಗಿ ಹೊಡೆದುಕೊಂಡು ಹೋಗಿದ್ದ. ಹುಡುಗಿಗೆ ಆ ಸದ್ದು ಒಲಿಯದಿದ್ದರೆ ಕಸುಬು ಮುದುಕವ್ವನೊಂದಿಗೇ ಮುಗಿಯುತ್ತಿತ್ತು.

"ಬಾಯಿ ಒಳಗ ಆಗೂದನ್ನ ಹ್ಯಾಂಗ್ ತೋರಸ್ಲಿ?" ಎಂದಳು ಮುದುಕವ್ವ, ಆ ಸೋಮವಾರ ಮನೆಗೆ ಬಂದ ಐಶ್ವರ್ಯಾಳಿಗೆ.

"ಅದನ್ನ ತೋರಸಾಕ ಯಂತ್ರ ಐತ್ರಿ ಅಮ್ಮಾ," ಎಂದಳು ಐಶ್ವರ್ಯಾ. ಗರ್ಭ ನೋಡುವ ಸ್ಕ್ಯಾನಿಂಗ್ ಯಂತ್ರವನ್ನೇ ಗದ್ದದ ಕೆಳಗಿಟ್ಟರೆ ನಾಲಗೆಯ ಮೇಲ್ಮೈ ಬಿಳಿ ಗೆರೆಯಾಗಿ ಕಾಣುತ್ತದೆ. ಆದರೆ ಅದನ್ನು ಊರಿಂದೂರಿಗೆ ಒಯ್ಯಲು ಭ್ರೂಣಲಿಂಗ ಪತ್ತೆ ತಡೆಯುವ ಕಾನೂನು ಬಿಡದು. ಮರು ಸೋಮವಾರ ಎಲ್ಲರೂ ರೋಣದ ಆಸ್ಪತ್ರೆಗೇ ಹೋಗಬೇಕಾಯಿತು.

ಬಸ್ ನಿಲ್ದಾಣದಲ್ಲಿ ಯಮನೂರಪ್ಪ ಮುದುಕವ್ವನನ್ನು ಛೇಡಿಸದೆ ಬಿಡಲಿಲ್ಲ. "ಅರವತ್ತೆರಡಕ್ಕ ಸ್ಕ್ಯಾನಿಂಗ್ ಏನಕ್ಕಾ? ಎಷ್ಟ ತಿಂಗಳಾ?"

"ಹೋರಿಗರಾ ಐತಿ. ಹುಟ್ಟಿದ ಕೂಡ್ಲೇ ನಿನ್ನ ಮನ್ಯಾಗ ಕಟ್ತೀನಿ, ಸಗಣಿ ಬಳಿ."

ರೋಣದಲ್ಲಿ ಡಾಕ್ಟರ್ ನಿರ್ಮಲಾ ಮುದುಕವ್ವನನ್ನು ಕುರ್ಚಿಯಲ್ಲಿ ಕೂರಿಸಿ ಗದ್ದದ ಕೆಳಗೆ ತಣ್ಣನೆಯ ಜೆಲ್ ಹಚ್ಚಿ ಯಂತ್ರದ ಹಿಡಿಯನ್ನು ಒತ್ತಿಹಿಡಿದರು. ಆ 'ಟೊಕ್' ಹೊರಡಲೇ ಇಲ್ಲ. ಮೂರು ಸಲವೂ ಬರಿಯ ಲೊಚಗುಟ್ಟುವಿಕೆ. ಮುದುಕವ್ವ ನಾಚಲಿಲ್ಲ. "ಕೈಯಾಗ ಹಗ್ಗ ಇಲ್ದ ನಾಲಗಿ ಏಳಂಗಿಲ್ರಿ ಡಾಕ್ಟರ್ ಬಾಯಾರ" ಎಂದು ಪೂಜಾಳ ದುಪಟ್ಟಾವನ್ನು ಹುರಿ ಮಾಡಿ ಒಂದು ತುದಿಯನ್ನು ಬಿಗಿಹಿಡಿದಳು. "ನೀ ಹೋರಿ ಆಗು. ಜಗ್ಗು. ಜೋರ್ ಜಗ್ಗು, ಉಂಡಿಲ್ಲೇನ?"

ಪೂಜಾ ಜಗ್ಗಿದಳು. 'ಟೊಕ್!' ಹೊರಗಿನ ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು.

ಐಶ್ವರ್ಯಾ ಪರದೆಯ ಮೇಲಿನ ಆ ಚಿತ್ರವನ್ನು ನಿಧಾನವಾಗಿ ಮತ್ತೆ ಓಡಿಸಿದಳು. ನಾಲಗೆಯ ಮುಂಭಾಗವೂ ಹಿಂಭಾಗವೂ ಅಂಗುಳಕ್ಕೆ ಎದ್ದಿದ್ದವು. ನಡುವೆ ಗೆರೆ ತಗ್ಗಾಗಿ ಕುಸಿಯುತ್ತಿತ್ತು. ಮುಂಭಾಗ ಕಿತ್ತುಕೊಂಡ ಕ್ಷಣವೇ ಸದ್ದು. ಬಳಿಕ ಪೂಜಾಳ ಸರದಿ. ಅವಳ ಗೆರೆಯಲ್ಲಿ ಮುಂಭಾಗವಷ್ಟೇ ಎದ್ದಿತ್ತು, ಹಿಂಭಾಗ ಮಲಗಿತ್ತು.

"ಅಯ್ಯ, ಹಿಂದಿನ ಬಾಗ್ಲಾ ತೆರದಿಟ್ಟೀಯಲ್ಲ ಹುಚ್ಚೀ!" ಮುದುಕವ್ವ ಪರದೆಗೆ ಬೆರಳಿಟ್ಟಳು. "ನಾ ಅದನ್ನ ಮುಚ್ಚತೀನಿ ಅನ್ನೂದು ನನಗೂ ಇವತ್ತಽ ಗೊತ್ತಾತು."

"'ಕ' ಅನ್ನಾಕ ಹೋಗಿ ಅಲ್ಲೇ ತಡದು ನಿಲ್ಲು," ಎಂದಳು ಐಶ್ವರ್ಯಾ. ಪರದೆಯ ಮೇಲೆ ತನ್ನ ನಾಲಗೆಯ ಹಿಂಭಾಗವನ್ನು ನೋಡಿ ನೋಡಿ ಎತ್ತುತ್ತ ಪೂಜಾ ಅರ್ಧ ತಾಸು ಕೂತಳು. ಕಡೆಗೆ ಬಂತು, ಸಣ್ಣದಾಗಿ.

"ಇದಕ್ಕ ಕರಾ ನಿಲ್ತೈತಿ," ಎಂದಳು ಮುದುಕವ್ವ. "ಹೋರಿ ನಿಲ್ಲಾಕ ಇನ್ನೊಂದ ತಿಂಗಳಾ ಬೇಕು."

"ಅಷ್ಟ ಬ್ಯಾಡ ಅತ್ತಿ," ಎಂದಳು ಪೂಜಾ.

ಇಪ್ಪತ್ತು ದಿನಕ್ಕೆ, ಹಗ್ಗ ಹರಿದುಕೊಂಡು ಓಡುತ್ತಿದ್ದ ಹೋರಿಯನ್ನು ಅವಳು ಊರ ಮುಂದಿನ ದಾರಿಯಲ್ಲಿ ಸದ್ದಿನಿಂದಲೇ ನಿಲ್ಲಿಸಿದಳು. ಅಲ್ಲಿ ಟ್ರ್ಯಾಕ್ಟರ್ ಮೇಲೆ ಕೂತಿದ್ದ ಕಾಶೀಂಸಾಬ ನೋಡಿದ. ಐಶ್ವರ್ಯಾ ಬರೆದಿಟ್ಟ ಸಂಶೋಧನೆಯ ದಾಖಲೆಯಲ್ಲಿನ ಕೊನೆಯ ನಮೂದು ಹೀಗಿದೆ: 2024ರ ಜೂನ್ 12, ಬುಧವಾರ, ಕಾಶೀಂಸಾಬನ ಎರಡು ಹೋರಿಗಳನ್ನು ಪಳಗಿಸಲು ಪೂಜಾ ತನ್ನ ವಶಕ್ಕೆ ತೆಗೆದುಕೊಂಡಳು.