ಜೆರಾಕ್ಸ್ ಅಕ್ಕನ ಜಾವಾ

ಮೊನ್ನೆ ಸ್ಟಾಫ್ ರೂಮಿನಲ್ಲಿ ಪ್ರಶ್ನೆಪತ್ರಿಕೆಯ ಪ್ರತಿ ತೆಗೆಯುವಾಗ ಬಿಸಿ ಕಾಗದದ ವಾಸನೆ ಮೂಗಿಗೆ ಬಡಿಯಿತು. ಕೂಡಲೇ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯ ಅಕ್ಕ ನೆನಪಾದರು. ಕಾಲೇಜಿನ ಮಕ್ಕಳಿಗೆಲ್ಲ ಅವರು ಜೆರಾಕ್ಸ್ ಅಕ್ಕ. ನನಗೆ ಮಾತ್ರ, ಹೇಳಲು ನಾಚಿಕೆ, ಅವರು ಗುರು.

ನಾನು ಕಾಲೇಜಿನಲ್ಲಿ ಹದಿನಾಲ್ಕು ವರ್ಷ ಕಂಪ್ಯೂಟರಿನ ಸಿ ಭಾಷೆ ಪಾಠ ಮಾಡಿ ಮೀಸೆ ತಿರುವಿದವನು. ಆ ವರ್ಷ ಸಿಲೆಬಸ್ ಬದಲಾಯಿತು. ರಜೆ ಮುಗಿದ ಮೇಲೆ ಸಿ ಬದಲು ಜಾವಾ ಭಾಷೆ ಕಲಿಸಬೇಕು, ಆಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದರು ಪ್ರಿನ್ಸಿಪಾಲರು. ಸಹೋದ್ಯೋಗಿಗಳನ್ನು ಕೇಳಲು ಮರ್ಯಾದೆ ಅಡ್ಡ ಬಂತು. ಸಿ ಬಲ್ಲವನಿಗೆ ಜಾವಾ ಯಾವ ಲೆಕ್ಕ ಎಂದು ಒಂದು ಪ್ರೋಗ್ರಾಂ ಬರೆದು, ಪ್ರಿಂಟ್ ತೆಗೆಸಲು ಅಕ್ಕನಲ್ಲಿಗೆ ಹೋದೆ.

ಅಕ್ಕ ಪರದೆ ನೋಡಿ, "ಇದು ಓಡುವುದಿಲ್ಲ ಸರ್" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಎಂತಕ್ಕೆ ಓಡುವುದಿಲ್ಲ?"

"ಹೌದಾ ಅಲ್ಲವಾ ಕೇಳುವ ಇಫ್‌ನ ಒಳಗೆ ಬರೇ ಅಂಕೆ ಇಟ್ಟಿದ್ದೀರಿ. ಸಿ ಆದರೆ ಸೊನ್ನೆ ಅಲ್ಲದ್ದೆಲ್ಲ ಹೌದು ಅಂತ ಲೆಕ್ಕ. ಜಾವಾ ಒಪ್ಪುವುದಿಲ್ಲ ಮಾರಾಯ್ರೆ. ಬಂಗುಡೆ ಮೀನು ಉಂಟಾ ಅಂತ ಕೇಳಿದರೆ 'ಐದು' ಅನ್ನುವುದಾ? ಉಂಟು ಅನ್ನಬೇಕು, ಇಲ್ಲದಿದ್ದರೆ ಇಲ್ಲ ಅನ್ನಬೇಕು."

ಬೇರೆ ಕಾಲೇಜುಗಳ ಮಕ್ಕಳ ಜಾವಾ ಪ್ರಾಜೆಕ್ಟ್ ಟೈಪ್ ಮಾಡಿ, ಓಡದ್ದನ್ನು ಓಡಿಸಿಕೊಟ್ಟು ಅಕ್ಕ ಕಲಿತ ವಿದ್ಯೆ ಅದು. ಮರುದಿನದಿಂದ ಮಧ್ಯಾಹ್ನ ಊಟವಾದ ಮೇಲೆ ಯಂತ್ರದ ಹಿಂದಿನ ಸ್ಟೂಲಿನಲ್ಲಿ ನಾನು ವಿದ್ಯಾರ್ಥಿ. ಸಿಯಲ್ಲಿ ತೆಗೆದುಕೊಂಡ ಮೆಮೊರಿಯನ್ನು ನಾವೇ ಹಿಂದೆ ಕೊಡಬೇಕು. ಜಾವಾದಲ್ಲಿ ಯಾವ ಸಾಲಿನಲ್ಲಿ ಕೊಡುವುದು ಎಂದು ಹುಡುಕುತ್ತಿದ್ದೆ. "ಹೋಟೆಲಿನಲ್ಲಿ ಉಂಡು ಎಲೆ ತೆಗೆಯಲು ಹೊರಟಿರಲ್ಲ ಸರ್! ತೆಗೆಯುವವರು ಇದ್ದಾರೆ, ನೀವು ಏಳಿ" ಎಂದು ನಕ್ಕರು.

ಒಂದು ದಿನ ನನ್ನದೇ ಕ್ಲಾಸಿನ ಹುಡುಗಿಯೊಬ್ಬಳು ಒಳಗೆ ಬಂದಳು. ಪರದೆಯ ತುಂಬ ನನ್ನ ತಪ್ಪುಗಳು ಕೆಂಪಗೆ ಕಾಣುತ್ತಿದ್ದವು.

"ಸರ್, ನೀವು ಇಲ್ಲಿ?"

ಅಕ್ಕ ತಟ್ಟನೆ, "ಸರ್ ನನಗೆ ಜಾವಾ ಹೇಳಿಕೊಡ್ತಾ ಇದ್ದಾರೆ. ನೋಡು ನನ್ನ ತಪ್ಪು ಎಷ್ಟುಂಟು!" ಎಂದರು.

ನಾನು ತಲೆಯಾಡಿಸಿದೆ. ನನ್ನ ಕರ್ಮ!

ಸುದ್ದಿ ಕಾಲೇಜೆಲ್ಲ ಹಬ್ಬಿತು. ಅಂಗಡಿಯವರಿಗೂ ಬಿಟ್ಟಿಯಾಗಿ ವಿದ್ಯೆ ಹಂಚುವವರೆಂದು ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ಹೊಗಳಿದರು. ಎದ್ದು ನಿಂತು ಕೈಮುಗಿದೆ. ಕೆಲಸ ಉಳಿಯಿತು. ನಿಜ ಇನ್ನೊಮ್ಮೆ ಹೇಳುವ ಎಂದುಕೊಂಡೆ... ವರ್ಷಗಳು ಹೋದವು. ಅಕ್ಕನೂ ಆ ಮಾತು ಎತ್ತಲಿಲ್ಲ.

ಮೊನ್ನೆ ಸಂಜೆ ಆ ಅಂಗಡಿಗೆ ಹೋದೆ. ಅಕ್ಕ ತೀರಿಕೊಂಡು ವರ್ಷವಾಯಿತು. ಈಗ ಅವರ ಗಂಡ ಕೂರುತ್ತಾರೆ.

"ಬನ್ನಿ ಸರ್. ನೀವು ಜಾವಾ ಕಲಿಸಿದ್ದನ್ನು ಅವಳು ಮನೆಯಲ್ಲಿಯೂ ಹೇಳ್ತಾ ಇದ್ದಳು."

ಮನೆಯಲ್ಲಿಯೂ ನನ್ನ ಮಾನ ಕಾದಿದ್ದರಲ್ಲ! "ಅಲ್ಲ ಮಾರಾಯ್ರೆ, ಅವರೇ ನನಗೆ ಕಲಿಸಿದ್ದು" ಎಂದೆ. ಅಂಗಡಿಯಲ್ಲಿದ್ದ ಮಕ್ಕಳಿಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳಿದೆ.

ಅವರು ಎದ್ದು ಕೈಮುಗಿದರು. "ನಿಮ್ಮದು ದೊಡ್ಡ ಮನಸ್ಸು ಸರ್."